ಹೈವೇ ಪಕ್ಕ ಸಿಕ್ಕ ಕರು, ಐವತ್ತು ರೂಪಾಯಿ ದಂಡ

ಹೈವೇ_ಹಾಸನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮೊನ್ನೆ ನೈಟ್ ಡ್ಯೂಟಿ ಮುಗಿಸಿ ಕಾರಿನಲ್ಲಿ ಬರುತ್ತಿದ್ದೆ. ಬೆಳಗ್ಗೆ ಆರು ಗಂಟೆ ಇರಬಹುದು. ಹಾಸನ ಇನ್ನೂ ಹತ್ತು ಹನ್ನೆರಡು ಕಿಲೋಮೀಟರ್ ಇತ್ತು. ದಟ್ಟ ಮಂಜು. ರಸ್ತೆ ಪಕ್ಕದ ಮೈಲಿಗಲ್ಲಿನ ಹತ್ತಿರ ಏನೋ ಬಿದ್ದ ಹಾಗೆ ಕಂಡಿತು. ಗೋಣಿಚೀಲ ಅಂದುಕೊಂಡೆ. ಅದು ಕಿವಿ ಆಡಿಸಿತು.

ಕಪ್ಪು ಬಿಳಿ ಮಚ್ಚೆಯ ಗಂಡು ಕರು. ಹೊಕ್ಕುಳ ಬಳ್ಳಿ ಒಣಗಿ ಇನ್ನೂ ಅಲ್ಲೇ ನೇತಾಡುತ್ತಿತ್ತು. ನೀಲಿ ಪ್ಲಾಸ್ಟಿಕ್ ಹಗ್ಗದಲ್ಲಿ ಕಲ್ಲಿಗೆ ಕಟ್ಟಿದ್ದರು. ಎಳೆದಾಡಿ ಎಳೆದಾಡಿ ಕುಣಿಕೆ ಬಿಗಿದು ಕತ್ತಿನ ಚರ್ಮದೊಳಗೆ ಇಳಿದಿತ್ತು. ನೊಣ ಮುತ್ತಿದ್ದವು. ಬಿಚ್ಚಲು ಆಗಲಿಲ್ಲ, ಕೀ ಬಂಚಿನ ಸಣ್ಣ ಚಾಕುವಿನಲ್ಲಿ ಎಳೆ ಎಳೆಯಾಗಿ ಕೊಯ್ದೆ. ಬಾಯಿಗೆ ಬೆರಳು ಕೊಟ್ಟರೆ ಚೀಪಿತು. ನಾಲಿಗೆ ತಣ್ಣಗಿತ್ತು.

112ಕ್ಕೆ ಫೋನ್ ಮಾಡಿದೆ. ಇಬ್ಬರು ಪೊಲೀಸರು ಬಂದರು. ಬೈಯಲಿಲ್ಲ, ಗದರಲಿಲ್ಲ, ಅದನ್ನು ಹೇಳಲೇಬೇಕು. ಹಿರಿಯರೊಬ್ಬರು ಕರುವಿನ ಬೆನ್ನು ಸವರಿ, "ಬರ್ಕೊಡಿ ಸಾರ್, ಎನ್‌ಸಿ ಅಂತ ದೂರು ಮಾತ್ರ ದಾಖಲು ಮಾಡ್ಕೋತೀವಿ. ಎಫ್‌ಐಆರ್ ಆಗಲ್ಲ. ಅದಿರ್ಲಿ, ಕರು ಎಲ್ಲಿಡ್ತೀರಾ?" ಅಂದರು.

ಉತ್ತರ ಇರಲಿಲ್ಲ. ಹಿಂದಿನ ಸೀಟಿಗೆ ಬೆಡ್‌ಶೀಟ್ ಹಾಸಿ ಮನೆಗೆ ತಂದೆ. ಬಾಡಿಗೆ ಮನೆ. ಓನರ್ ಆಂಟಿ ಬಾಲ್ಕನಿಯಿಂದ ನೋಡುತ್ತಲೇ ಇದ್ದಾರೆ.

ಆಮೇಲೆ ಕಾಯ್ದೆ ಹುಡುಕಿದೆ. ಪ್ರಾಣಿಯನ್ನು ಹೀಗೆ ಹಿಂಸಿಸಿದರೆ ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿಯಂತೆ. ನಿಜವಾ ಇದು? ಹೆಲ್ಮೆಟ್ ಹಾಕದೆ ಗಾಡಿ ಓಡಿಸಿದರೆ 500 ಕಟ್ಟುತ್ತೇವೆ. ಕರುವನ್ನು ಕಲ್ಲಿಗೆ ಕಟ್ಟಿ ಸಾಯಲು ಬಿಟ್ಟರೆ ಒಂದು ಮಸಾಲೆ ದೋಸೆ ದುಡ್ಡು!

ಕಪ್ಪುಕೋಟು_ಕಲಿಕೆ

ನಿಜ ಅಣ್ಣ. ಲಾ ಕೊನೆ ವರ್ಷ ಓದ್ತಿದ್ದೀನಿ, ಇದೇ ವಿಷಯಕ್ಕೆ ಅಸೈನ್‌ಮೆಂಟ್ ಬರೆದಿದ್ದೆ.

ನೀವು ನೋಡಿದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್. ಹೊಡೆಯೋದು, ಒದೆಯೋದು, ಮಿತಿ ಮೀರಿ ಹೊರೆ ಹೇರೋದು, ಗಿಡ್ಡ ಹಗ್ಗದಲ್ಲಿ ಕಟ್ಟಿಹಾಕೋದು, ಹೊಟ್ಟೆಗೆ ಹಾಕದೇ ಇರೋದು, ಹಸಿವು ಬಾಯಾರಿಕೆಯಲ್ಲಿ ನರಳುವ ಹಾಗೆ ಬಿಟ್ಟುಹೋಗೋದು, ಎಲ್ಲ ಅದರಲ್ಲೇ ಇದೆ. ಪಟ್ಟಿ ತುಂಬಾ ಚೆನ್ನಾಗಿದೆ. ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟು ಹಿಡಿದಿದ್ದರಿಂದ ಬಂದ ಕಾಯ್ದೆ ಇದು. ಭರತನಾಟ್ಯದವರು, ಅವರೇ. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಆದಾಗ ಅವರೇ ಮೊದಲ ಅಧ್ಯಕ್ಷೆ.

ಆದರೆ ಶಿಕ್ಷೆ 1960ರಲ್ಲೇ ನಿಂತುಬಿಟ್ಟಿದೆ. ಮೂರು ವರ್ಷದೊಳಗೆ ಎರಡನೇ ಸಲ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. 2022ರಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿ ಕರಡು ಹೊರಗೆ ಬಿಟ್ಟಿತು. ಘೋರ ಹಿಂಸೆಗೆ ಸಾವಿರಗಟ್ಟಲೆ ದಂಡ, ವರ್ಷಗಟ್ಟಲೆ ಜೈಲು ಅಂತ ಬರೆದಿದ್ದರು. ಜನರ ಅಭಿಪ್ರಾಯ ಕೇಳಿದರು. ಕರಡು ಕರಡಾಗೇ ಉಳಿಯಿತು.

ಒಂದು ವಿಚಿತ್ರ ಹೇಳ್ತೀನಿ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ 325ನೇ ಸೆಕ್ಷನ್ ಇದೆ. ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಐದು ವರ್ಷದವರೆಗೆ ಜೈಲು. ಅದಕ್ಕೆ ಎಫ್‌ಐಆರ್ ಆಗುತ್ತೆ. ಅಂದರೆ ನಿಮ್ಮ ಕರು ಸತ್ತಿದ್ದರೆ ಕೇಸು ಗಟ್ಟಿಯಾಗುವ ಚಾನ್ಸ್ ಇತ್ತು. ಬದುಕಿದ್ದಕ್ಕೆ 50 ರೂಪಾಯಿ. ಅದೂ ಈ 325 ಯಾವ ಅಧ್ಯಾಯದಲ್ಲಿದೆ ಗೊತ್ತಾ? ಆಸ್ತಿಗೆ ಸಂಬಂಧಿಸಿದ ಅಪರಾಧಗಳ ಅಧ್ಯಾಯದಲ್ಲಿ, ಕಳ್ಳತನದ ಜೊತೆ. ಅಲ್ಲಿ ಕರುವಿನ ನೋವು ಲೆಕ್ಕಕ್ಕಿಲ್ಲ, ಯಾರಿಗೆ ನಷ್ಟವಾಯಿತು ಅನ್ನೋದೇ ಲೆಕ್ಕ.

ಹೇಮಾವತಿ_ದಂಡೆ

ಕರುವಿನ ಫೋಟೋ ನೋಡಿ ಹೊಟ್ಟೆ ಉರಿಯಿತು. ಆದರೂ ಕಟ್ಟಿದವನ ಕಡೆಯಿಂದ ಎರಡು ಮಾತು ಬರೀತೀನಿ, ಬೈಯುವವರು ಬೈಯಿರಿ.

ನಾವು ಹೊಳೆನರಸೀಪುರದ ಕಡೆಯವರು. ಮನೆಯಲ್ಲಿ ಮೂರು ಎಚ್‌ಎಫ್ ಕ್ರಾಸ್ ಸೀಮೆಹಸು. ಡೈರಿಗೆ ಹಾಲು ಹಾಕಿಯೇ ಮಗಳ ಫೀಸು ಕಟ್ಟಿದ್ದು. ಹಸು ಈದಾಗ ಮನೆಯವರು ಮೊದಲು ನೋಡೋದು ಬಾಲ ಎತ್ತಿ. ಹೆಣ್ಣಾದರೆ ಬೆಲ್ಲ ಹಂಚ್ತಾರೆ. ಗಂಡಾದರೆ ಯಾರೂ ಮಾತಾಡಲ್ಲ. ಕೊಟ್ಟಿಗೆ ದೀಪ ಆರಿಸಿ ಒಳಗೆ ಬರ್ತಾರೆ.

ನಮ್ಮಪ್ಪನ ಕಾಲದಲ್ಲಿ ಹಾಗಿರಲಿಲ್ಲ. ಹಳ್ಳಿಕಾರ್ ಹೋರಿಗರು ಅಂದರೆ ದುಡ್ಡಿನ ಗಂಟು. ಎರಡು ಹಲ್ಲು ಬರುವ ಹೊತ್ತಿಗೆ ಜೋಡಿ ಮಾಡಿ ರಾಮನಾಥಪುರದ ಜಾತ್ರೆಗೆ ಹೊಡೆದುಕೊಂಡು ಹೋಗ್ತಿದ್ದರು. ಈಗ ಉಳುಮೆಗೆ ಟ್ರ್ಯಾಕ್ಟರ್. ಎಚ್‌ಎಫ್ ಗಂಡಿಗೆ ಹಿಣಿಲೂ ಇಲ್ಲ, ಬಿಸಿಲೂ ತಡೆಯಲ್ಲ. ನೊಗ ಇಟ್ಟರೆ ಜಾರುತ್ತೆ. ದಿನಕ್ಕೆ ಮೂರು ಲೀಟರ್ ಹಾಲು ಕುಡಿಸಬೇಕು. ಆ ಮೂರು ಲೀಟರ್ ಡೈರಿಗೆ ಹೋದರೆ ನೂರು ರೂಪಾಯಿ. ಹಿಂಡಿ ಬೂಸದ ರೇಟು ನಿಮಗೆ ಗೊತ್ತಿಲ್ಲದೇ ಇರಬಹುದು, ನಮಗೆ ಗೊತ್ತು.

ಮಾರೋಣ ಅಂದರೆ 2020ರ ಗೋಹತ್ಯೆ ಕಾಯ್ದೆ ಬಂದ ಮೇಲೆ ವ್ಯಾಪಾರದವರು ಈ ಕಡೆ ತಲೆ ಹಾಕಲ್ಲ. ಕಡಿದರೆ ಮೂರರಿಂದ ಏಳು ವರ್ಷ ಜೈಲು, 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಉಪವಾಸ ಕೆಡವಿದರೆ 50 ರೂಪಾಯಿ. ಕರು ಕೊಟ್ಟಿಗೆ ಮೂಲೆಯಲ್ಲಿ ಹಾಲಿಲ್ಲದೆ ಒಂದು ವಾರ ಅರಚಿ ಸತ್ತರೆ ಅದು ಯಾವ ಕಾನೂನಿಗೂ ಕೇಳಿಸಲ್ಲ.

ನಾಲ್ಕು ವರ್ಷದ ಹಿಂದೆ ನಾವೂ ಒಂದನ್ನು ದೇವಸ್ಥಾನದ ಹತ್ತಿರ ಬಿಟ್ಟು ಬಂದಿದ್ದೀವಿ. ಕಟ್ಟಿಹಾಕಿರಲಿಲ್ಲ, ಅಷ್ಟೇ ವ್ಯತ್ಯಾಸ. ಅದು ಸ್ವಲ್ಪ ದೂರ ನಮ್ಮ ಟಿವಿಎಸ್ ಹಿಂದೆ ಓಡಿ ಬಂತು.

ಹೈವೇ_ಹಾಸನ

ಅಕ್ಕ, ಏನು ಬರೆಯಬೇಕು ಗೊತ್ತಾಗುತ್ತಿಲ್ಲ. ಬೈಯೋಕಂತೂ ಆಗಲ್ಲ.

ಗೋವಿನಹಾಡು_77

ಇದೆಲ್ಲ ಆ ಕಾಯ್ದೆ ತಂದವರ

ನಿರ್ವಾಹಕ

ಮೇಲಿನ ಪೋಸ್ಟ್ ಕತ್ತರಿಸಿದ್ದೇನೆ, ಅದಕ್ಕೆ ಬಂದ ಏಳು ಉತ್ತರಗಳನ್ನೂ. ಪಾರ್ಟಿ ಜಗಳಕ್ಕೆ ಬೇರೆ ಜಾಗ ಇದೆ. ಕರುವಿನ ವಿಷಯ ಮುಂದುವರಿಸಿ.

ದನದ_ಡಾಕ್ಟರ್

ಮೊದಲು ಕರು. ಬಾಯಿ ತಣ್ಣಗಿದೆ ಅಂದಿರಿ. ಅದು ಕೆಟ್ಟ ಲಕ್ಷಣ, ಮೈ ಬಿಸಿ ಕಳೆದುಕೊಂಡಿದೆ. ಹುಲ್ಲಿನ ಮೇಲೆ ಮಲಗಿಸಿ, ಗೋಣಿ ಹೊದಿಸಿ. ಹಸುವಿನ ಹಾಲು ಉಗುರುಬೆಚ್ಚಗೆ ಮಾಡಿ ಕೊಡಿ. ಕರುವಿನ ತೂಕದ ಹತ್ತನೇ ಒಂದು ಭಾಗ ದಿನಕ್ಕೆ, ಎರಡು ಮೂರು ಸಲ ಭಾಗ ಮಾಡಿ. ಪಾಪ ಅಂತ ಒಂದೇ ಸಲಕ್ಕೆ ಹೊಟ್ಟೆ ತುಂಬಿಸಿದರೆ ಬೇಧಿ ಶುರುವಾಗುತ್ತೆ, ಆಗ ಅದು ಹೋಗೋದು ನಿಮ್ಮ ಪ್ರೀತಿಯಿಂದಲೇ. ಕುತ್ತಿಗೆ ಗಾಯದಲ್ಲಿ ಹುಳ ಆಗಿದೆಯಾ ನೋಡಿ. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಬರುತ್ತೆ, ಇವತ್ತೇ ಮಾಡಿ.

ಬಿಟ್ಟುಹೋದ ಗಂಡು ಕರುಗಳಲ್ಲಿ ಬಹಳಷ್ಟು ಗಿಣ್ಣು ಹಾಲು ಕುಡಿದಿರಲ್ಲ. ಹುಟ್ಟಿದ ಮೊದಲ ಒಂದೆರಡು ಗಂಟೆಯಲ್ಲಿ ಅದು ಹೊಟ್ಟೆಗೆ ಹೋಗಬೇಕು. ರೋಗ ತಡೆಯುವ ಶಕ್ತಿ ಬರೋದೇ ಅದರಿಂದ. ಗಿಣ್ಣು ನಮಗೆ ಗಿಣ್ಣ ಮಾಡಿ ತಿನ್ನಲು ರುಚಿ, ಕರುವಿಗೆ ಅದು ಲಸಿಕೆ.

ಈಗ ಕಾನೂನು. ಯಾರ ಕರು ಅಂತ ಕಂಡುಹಿಡಿಯಲು ಕಿವಿಯ ಹಳದಿ ಬಿಲ್ಲೆ ಬೇಕು, 12 ಅಂಕಿ ಇರುತ್ತೆ. ಆದರೆ ಕಾಲುಬಾಯಿ ಜ್ವರದ ಲಸಿಕೆ ಶುರುವಾಗೋದು ನಾಲ್ಕು ತಿಂಗಳಿಗೆ. ಸಾಮಾನ್ಯವಾಗಿ ಬಿಲ್ಲೆ ಬೀಳೋದೂ ಆಗಲೇ. ಬಿಡುವವರು ಅದಕ್ಕೆ ಮೊದಲೇ ಬಿಟ್ಟಿರುತ್ತಾರೆ. ತಾಯಿಗೆ ಬಿಲ್ಲೆ ಇದೆ, ಸೆಮೆನ್ ಹಾಕಿದ ದಾಖಲೆ ಇದೆ, ಕರುವಿಗೆ ಮಾತ್ರ ಹೆಸರೂ ಇಲ್ಲ ವಿಳಾಸವೂ ಇಲ್ಲ.

ಅಕ್ಕನಿಗೆ ಒಂದು ಮಾತು. ಈಗ ಹೆಣ್ಣು ಕರು ಹುಟ್ಟಿಸುವ ಸೆಮೆನ್ ಬಂದಿದೆ. ಹತ್ತರಲ್ಲಿ ಒಂಬತ್ತು ಹೆಣ್ಣೇ ಆಗುತ್ತೆ. ರೇಟು ಜಾಸ್ತಿ, ಗಬ್ಬ ನಿಲ್ಲೋದು ಮಾಮೂಲಿಗಿಂತ ಸ್ವಲ್ಪ ಕಡಿಮೆ. ಆದರೂ ಕೇಳಿ ನೋಡಿ. ನನ್ನ ಅನುಭವದಲ್ಲಿ ಈ ಒಂದು ಸೆಮೆನ್ ಕಡ್ಡಿ ಉಳಿಸಿದಷ್ಟು ಗಂಡು ಕರುಗಳನ್ನು ಯಾವ ಸೆಕ್ಷನ್ನೂ ಉಳಿಸಿಲ್ಲ.

ಗಿರಿಸೀಮೆ

ಕರು ಪಾಪ, ಸರಿ. ಚಿಕ್ಕಮಗಳೂರಿನಲ್ಲಿ ನಮ್ಮ ಬೀದಿಗೆ ಬನ್ನಿ. ಹೋದ ವರ್ಷ ನನ್ನ ಮಗನಿಗೆ ನಾಯಿ ಕಚ್ಚಿತು, ಟ್ಯೂಷನ್‌ನಿಂದ ಬರುವಾಗ. ತೊಡೆಯಲ್ಲಿ ನಾಲ್ಕು ಹಲ್ಲಿನ ಗುರುತು. ಐದು ಇಂಜೆಕ್ಷನ್. ದೂರು ಕೊಡಲು ಹೋದರೆ ಆಫೀಸಿನಲ್ಲಿ ಹೇಳಿದ್ದು, "ಹಿಡಿದು ಆಪರೇಷನ್ ಮಾಡಿ ಅಲ್ಲೇ ಬಿಡಬೇಕು ಸಾರ್, ರೂಲ್ಸು." ಅಲ್ಲೇ ಅಂದರೆ ನಮ್ಮ ಗೇಟಿನ ಮುಂದೆ. ಪ್ರಾಣಿಗೆ ಕಾನೂನು ಸಾಲದು ಅಂತೀರಿ. ನನಗೆ ಜಾಸ್ತಿಯೇ ಆಯ್ತು ಅನ್ನಿಸುತ್ತೆ.

ಕಪ್ಪುಕೋಟು_ಕಲಿಕೆ

ಸಾರ್, ಮಗ ಈಗ ಹುಷಾರಾಗಿದ್ದಾನಾ?

ರೂಲ್ಸು ಇರೋದು ನಿಜ. 2001ರಲ್ಲಿ ಬಂತು, 2023ರಲ್ಲಿ ಹೊಸದಾಯಿತು. ಸಂತಾನಹರಣ, ರೇಬೀಸ್ ಲಸಿಕೆ, ಹಿಡಿದ ಜಾಗಕ್ಕೇ ವಾಪಸ್. ಇದು ನಗರಸಭೆ, ಪಂಚಾಯಿತಿಗಳ ಕೆಲಸ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ನಾಯಿಗಳನ್ನೆಲ್ಲ ಶೆಲ್ಟರ್‌ಗೆ ಹಾಕಿ ಅಂದಿತು. ಹತ್ತು ಹನ್ನೊಂದು ದಿನದಲ್ಲಿ ಬದಲಿಸಿ, ರೇಬೀಸ್ ಇರುವ ಮತ್ತು ಮೇಲೆ ಬೀಳುವ ನಾಯಿ ಬಿಟ್ಟು ಉಳಿದವನ್ನು ಲಸಿಕೆ ಹಾಕಿ ವಾಪಸ್ ಬಿಡಿ ಅಂದಿತು. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್‌ಗಳಿಂದ ತೆಗೆಯಿರಿ, ಅಲ್ಲಿಗೆ ವಾಪಸ್ ಬಿಡಬೇಡಿ ಅಂದಿತು.

ನಿಮ್ಮ ಮಗನನ್ನು ಕಚ್ಚಿದ ನಾಯಿಗೆ ಆಪರೇಷನ್ ಆಗಿತ್ತಾ? ಆಗಿದ್ದರೆ ಕಿವಿಯ ತುದಿ ಕತ್ತರಿಸಿ ಗುರುತು ಮಾಡಿರುತ್ತಾರೆ.

ಗಿರಿಸೀಮೆ

ಮಗ ಹುಷಾರು. ಆ ನಾಯಿಯ ಎರಡೂ ಕಿವಿ ಪೂರ್ತಿ ಇವೆ. ದಿನಾ ನೋಡ್ತೀನಲ್ಲ.

ಹೈವೇ_ಹಾಸನ

ಅಂದರೆ ನಿಮ್ಮ ಬೀದಿಯಲ್ಲಿ ರೂಲ್ಸಿನ ಅರ್ಧ ಮಾತ್ರ ನಡೆದಿದೆ ಸಾರ್. "ಅಲ್ಲೇ ಬಿಡಬೇಕು" ಅನ್ನೋ ಅರ್ಧ.

ಬೇಲೂರು_ಕಡೆಯವನು

ಚೌಡನಹಳ್ಳಿ ಮರೆತುಬಿಟ್ಟಿರಾ ಎಲ್ಲರೂ? 2021ರ ಜುಲೈ ಕೊನೆ. ನಮ್ಮ ಬೇಲೂರು ತಾಲ್ಲೂಕು. ರಸ್ತೆ ಬದಿ ಚೀಲಗಳು ಬಿದ್ದಿದ್ದವು, ಹುಡುಗರು ಬಿಚ್ಚಿ ನೋಡಿದರೆ ಕೋತಿಗಳು. 38 ಸತ್ತಿದ್ದವು. ಜೀವ ಇದ್ದವಕ್ಕೆ ಹುಡುಗರೇ ನೀರು ಕುಡಿಸಿದರು. ಆ ವಿಡಿಯೋ ದೇಶವೆಲ್ಲ ಸುತ್ತಿತು. ಹೈಕೋರ್ಟ್ ತಾನಾಗಿಯೇ ಕೇಸು ಕೈಗೆತ್ತಿಕೊಂಡಿತು. ಕೆಲವೇ ದಿನದಲ್ಲಿ ಜನ ಅರೆಸ್ಟ್ ಆದರು.

ಆ ಹುಡುಗರು ಚೀಲ ಬಿಚ್ಚದೇ ಇದ್ದಿದ್ದರೆ? ಫೋನ್‌ನಲ್ಲಿ ಚಾರ್ಜ್ ಇಲ್ಲದಿದ್ದರೆ? ನನಗೆ ಕಾನೂನಿನ ಮೇಲೆ ನಂಬಿಕೆ ಬಂದಿದ್ದೂ ಅವತ್ತೇ, ಹೋಗಿದ್ದೂ ಅವತ್ತೇ.

ಕೋತಿ ಕಾಟ ನಾನೂ ಅನುಭವಿಸಿದವನು. ಬಾಳೆ ಗೊನೆ ಒಂದೂ ಉಳಿಸಲ್ಲ, ಎಳನೀರು ಕಿತ್ತು ಬಿಸಾಡುತ್ತವೆ, ಹೆಂಚು ಎತ್ತಿ ಒಳಗೆ ಇಳಿಯುತ್ತವೆ. ಆಂಜನೇಯನ ಗುಡಿಗೆ ಹೋಗಿ ಬಂದು ಕವಣೆ ಹಿಡಿಯುವ ಜನ ನಾವು. ಆದರೂ ಚೀಲ, ವಿಷ, ದೊಣ್ಣೆ ಅಂದರೆ ಬೇರೆಯೇ.

ಮೂಡಿಗೆರೆ_ತೋಟ

ನಮ್ಮ ಕಡೆ ಉರುಳು. ಹಳೆ ಬೈಕಿನ ಕ್ಲಚ್ ವೈರ್ ತಗೊಂಡು ಕಾಫಿ ತೋಟದ ಬೇಲಿ ಕಂಡಿಯಲ್ಲಿ ಇಡ್ತಾರೆ. ಇಡೋದು ಹಂದಿಗೆ. ಬೀಳೋದು ಒಮ್ಮೊಮ್ಮೆ ಚಿರತೆ, ಒಮ್ಮೊಮ್ಮೆ ಮನೆ ನಾಯಿ.

ಎರಡೂ ನಮ್ಮ ಅಕ್ಕಪಕ್ಕದ ತೋಟಗಳಲ್ಲೇ ಆಗಿದೆ. ಚಿರತೆ ಸಿಕ್ಕಿಬಿದ್ದಾಗ ಒಂದು ಗಂಟೆಯಲ್ಲಿ ಇಲಾಖೆ ಜೀಪು, ಅರಿವಳಿಕೆ ಕೋವಿ, ಬಲೆ, ಟಿವಿಯವರು, ಎಲ್ಲ ಬಂದರು. ತೋಟದ ರೈಟರ ಹತ್ತಿರ ಕೂಲಿಯವರ ಪಟ್ಟಿ ಕೇಳಿದರು. ಬರಬೇಕಾದ್ದೇ. 1972ರ ವನ್ಯಜೀವಿ ಕಾಯ್ದೆಯಲ್ಲಿ ಚಿರತೆ ಮೊದಲ ಪಟ್ಟಿಯಲ್ಲಿದೆ. ಮೂರರಿಂದ ಏಳು ವರ್ಷ ಜೈಲು, ದಂಡ 25 ಸಾವಿರಕ್ಕೆ ಕಡಿಮೆ ಇಲ್ಲ.

ನಮ್ಮ ನಾಯಿ ಕರಿಯ ಅದೇ ಥರದ ವೈರಿಗೆ ಬಿದ್ದ. ಸೊಂಟ ಕೊಯ್ದಿತ್ತು. ಎರಡು ದಿನ ತೋಟದಲ್ಲೇ ಇದ್ದ, ನಾವು ಬೇರೆ ಕಡೆ ಹುಡುಕುತ್ತಿದ್ದೆವು. ದೂರು ಬರೆದುಕೊಳ್ಳುವವರು "ನಾಯಿಗೆ ಎಷ್ಟು ಬೆಲೆ ಅಂತ ಹಾಕೋಣ?" ಅಂತ ಕೇಳಿದರು. ಕೇಳಿದವರ ತಪ್ಪಲ್ಲ. ಹಳೆ ಐಪಿಸಿಯಲ್ಲಿ 10 ರೂಪಾಯಿ ಬೆಲೆಯ ಪ್ರಾಣಿ, 50 ರೂಪಾಯಿ ಬೆಲೆಯ ಪ್ರಾಣಿ ಅಂತಲೇ ಇತ್ತು. ಹೊಸದರಲ್ಲಿ ಆ ಬೆಲೆ ತೆಗೆದಿದ್ದಾರೆ, ಅದೊಂದು ಒಳ್ಳೇದಾಯಿತು.

ಒಂದೇ ವೈರು, ಒಂದೇ ನೋವು. ಕೂಗುವ ಗಂಟಲು ಯಾವುದು ಅನ್ನೋದರ ಮೇಲೆ ಜೀಪು ಬರುತ್ತೋ ಇಲ್ಲವೋ ಗೊತ್ತಾಗುತ್ತೆ. 2023ರ ಡಿಸೆಂಬರ್‌ನಲ್ಲಿ ಯಸಳೂರು ಹತ್ತಿರ ಅರ್ಜುನ ಸತ್ತಾಗ ನಾನೂ ಅತ್ತಿದ್ದೆ. ಎಂಟು ಸಲ ಅಂಬಾರಿ ಹೊತ್ತ ಆನೆ. ಕರಿಯನಿಗೆ ಅತ್ತಿದ್ದು ನಮ್ಮನೆಯವರು ಮಾತ್ರ.

ಬಯಲುಸೀಮೆ_ಎತ್ತು

ಕಡೂರಿನಿಂದ. ಜೋಡೆತ್ತಿನ ಗಾಡಿ ಓಟದಲ್ಲಿ ಇಪ್ಪತ್ತು ವರ್ಷದಿಂದ ಇದ್ದೀನಿ. ಇನ್ನು ನಮ್ಮ ಮೇಲೆ ಬರ್ತೀರಿ, ಗೊತ್ತು. ಅದಕ್ಕೆ ಮೊದಲೇ ಹೇಳಿಬಿಡ್ತೀನಿ. 2014ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತು. 2017ರಲ್ಲಿ ನಮ್ಮ ರಾಜ್ಯ ಕಂಬಳಕ್ಕೂ ಗಾಡಿ ಓಟಕ್ಕೂ ತಿದ್ದುಪಡಿ ತಂದಿತು. 2023ರ ಮೇ ತಿಂಗಳಲ್ಲಿ ಐದು ಜಡ್ಜ್‌ಗಳ ಪೀಠ ಅದನ್ನು ಒಪ್ಪಿತು.

ನಮ್ಮ ಎತ್ತು ತಿನ್ನೋದು ನನ್ನ ಮಕ್ಕಳಿಗೂ ಸಿಗಲ್ಲ. ಮೊಟ್ಟೆ, ಹುರುಳಿ, ಕಡಲೆ ಹಿಂಡಿ. ಬಾಲ ಕಚ್ಚುವವರು, ಬಾರುಕೋಲಿಗೆ ಮೊಳೆ ಹೊಡೆಯುವವರು ಇಲ್ಲ ಅಂತ ನಾನು ಹೇಳಲ್ಲ. ಇದ್ದಾರೆ. ಕಮಿಟಿಯವರು ನೋಡಿಯೂ ನೋಡದ ಹಾಗೆ ಇರ್ತಾರೆ. ಮೊದಲು ಅವರ ಗಾಡಿ ಔಟ್ ಮಾಡಬೇಕು. ಆದರೆ ಓಟ ನಿಂತರೆ ಹಳ್ಳಿಕಾರ್, ಅಮೃತ್ ಮಹಲ್ ಹೋರಿ ಯಾರು ಸಾಕ್ತಾರೆ? ಅಜ್ಜಂಪುರದ ಸರ್ಕಾರಿ ಫಾರ್ಮಿನಲ್ಲಿ ಮಾತ್ರ ನೋಡಬೇಕಾಗುತ್ತೆ. ಹೇಮಾವತಿ ಅಕ್ಕ ಬರೆದರಲ್ಲ, ಉಪಯೋಗ ಇಲ್ಲದ ಗಂಡು ಎಲ್ಲಿಗೆ ಹೋಗುತ್ತೆ ಅಂತ.

ಕಪ್ಪುಕೋಟು_ಕಲಿಕೆ

ಮೊಳೆಯ ಬಗ್ಗೆ ಬಿಚ್ಚಿ ಹೇಳಿದ್ದಕ್ಕೆ ಥ್ಯಾಂಕ್ಸ್ ಅಣ್ಣ. ಓಟದ ಬಗ್ಗೆ ನಾನು ಒಪ್ಪಲ್ಲ, ಇರಲಿ. ಬೇಕಾದರೆ ಬೇರೆ ಕಡೆ ಜಗಳ ಆಡೋಣ.

ಹೈವೇ ಅಣ್ಣ, ನಿಮ್ಮ ಕೇಸಿಗೆ ಬರ್ತೀನಿ. ಎಲ್ಲರೂ 50 ರೂಪಾಯಿ ಹಿಡ್ಕೊಂಡು ಕೂತಿದ್ದೀರಿ. ಓದ್ತಾ ಓದ್ತಾ ನನಗೆ ಅನ್ನಿಸಿದ್ದು, ಅದನ್ನು 50 ಸಾವಿರ ಮಾಡಿದರೂ ನಿಮ್ಮ ಕರುವಿಗೆ ಏನೂ ಆಗ್ತಿರಲಿಲ್ಲ. ಕೇಸು ಸಾಯೋದು ಅದಕ್ಕಿಂತ ಬಹಳ ಮೊದಲು.

11ನೇ ಸೆಕ್ಷನ್‌ನ ಹೆಚ್ಚಿನ ಭಾಗಕ್ಕೆ ಪೊಲೀಸರು ತಾವಾಗಿ ತನಿಖೆ ಮಾಡುವ ಹಾಗಿಲ್ಲ. ಎನ್‌ಸಿ ಬರೆದು ನಿಮ್ಮನ್ನು ಮ್ಯಾಜಿಸ್ಟ್ರೇಟ್ ಹತ್ತಿರ ಕಳಿಸ್ತಾರೆ. ಅವರು ಅನುಮತಿ ಕೊಟ್ಟರೆ ಮಾತ್ರ ತನಿಖೆ. ರಜೆ ಹಾಕಿ ಕೋರ್ಟಿಗೆ ಅಲೆಯಬೇಕಾದವರು ನೀವು. ಮೇಲೆ 36ನೇ ಸೆಕ್ಷನ್: ಘಟನೆ ಆಗಿ ಮೂರು ತಿಂಗಳೊಳಗೆ ಕೇಸು ಹಾಕದಿದ್ದರೆ ಮುಗೀತು. ಠಾಣೆಯ ಒಬ್ಬ ರೈಟರ್ ರಜೆ ಹೋದರೆ, ಒಂದು ವರದಿ ತಡವಾದರೆ ಮೂರು ತಿಂಗಳು ಎಲ್ಲಿಗೆ ಬಂತು!

ಇನ್ನು ಆ ಪೊಲೀಸರು ಕೇಳಿದ ಪ್ರಶ್ನೆ. ಮೊಬೈಲ್ ಸೀಜ್ ಮಾಡಿದರೆ ಕವರಿಗೆ ಹಾಕಿ ಅರಗು ಒತ್ತಿ ಇಡ್ತಾರೆ. ಕರು ಸೀಜ್ ಮಾಡಿದರೆ ರಾತ್ರಿ ಹಾಲು ಯಾರು ಕುಡಿಸ್ತಾರೆ? ಕಾಯ್ದೆಯಲ್ಲಿ ಉತ್ತರ ಇದೆ. 35ನೇ ಸೆಕ್ಷನ್ ಪ್ರಕಾರ ಇಂಥ ಪ್ರಾಣಿಗಳ ಚಿಕಿತ್ಸೆ, ಆರೈಕೆಗೆ ರಾಜ್ಯ ಸರ್ಕಾರ ಜಾಗ ಗೊತ್ತು ಮಾಡಬಹುದು. 2017ರ ನಿಯಮದಲ್ಲಿ ಕೇಸಿನ ಪ್ರಾಣಿ ಸಾಕುವ ಖರ್ಚನ್ನು ಮಾಲೀಕನಿಂದಲೇ ವಸೂಲಿ ಮಾಡಬಹುದು. 2001ರ ನಿಯಮದಂತೆ ಪ್ರತಿ ಜಿಲ್ಲೆಗೂ ಪ್ರಾಣಿ ದಯಾ ಸಂಘ ಬೇಕು. ಎಲ್ಲ ಬರೆದಿದ್ದಾರೆ. ಬೆಳಗ್ಗೆ ಆರು ಗಂಟೆಗೆ ಮಂಜಿನಲ್ಲಿ ನಿಂತವನಿಗೆ ಸಿಗುವ ಒಂದು ಕೊಟ್ಟಿಗೆಯ ವಿಳಾಸ ಮಾತ್ರ ಬರೆದಿಲ್ಲ.

ಈಗ ಮಾಡಬೇಕಾದ್ದು: ಎನ್‌ಸಿ ನಂಬರ್ ಇಸ್ಕೊಳ್ಳಿ. ಡಾಕ್ಟರ್ ಹತ್ತಿರ ಗಾಯದ ಬಗ್ಗೆ ಲೆಟರ್ ಬರೆಸಿಕೊಳ್ಳಿ, ತಾರೀಖು ಹಾಕಿಸಿ. ಹಗ್ಗ ಇಟ್ಟುಕೊಂಡಿದ್ದೀರಲ್ವಾ? ತೊಳೆಯಬೇಡಿ. ಅರ್ಜಿ ನಾನು ಡ್ರಾಫ್ಟ್ ಮಾಡಿಕೊಡ್ತೀನಿ, ನಮ್ಮ ಸೀನಿಯರ್ ಫೀಸ್ ಇಲ್ಲದೆ ಹಾಕ್ತೀನಿ ಅಂದಿದ್ದಾರೆ.

ಗಿರಿಸೀಮೆ

ಮಾಲೀಕನೇ ಗೊತ್ತಿಲ್ಲವಲ್ಲಮ್ಮ, ಯಾರ ಮೇಲೆ ಅರ್ಜಿ?

ಕಪ್ಪುಕೋಟು_ಕಲಿಕೆ

"ಅಪರಿಚಿತ" ಅಂತಲೇ ಹಾಕೋದು ಸಾರ್. ಹಿಂದೆ ಮುಂದೆ ಪೆಟ್ರೋಲ್ ಬಂಕ್ ಇದ್ದರೆ ಕ್ಯಾಮೆರಾ ಇರುತ್ತೆ. ಸಿಗದೇ ಇರಬಹುದು. ಸಿಗದಿದ್ದರೂ ಒಂದು ಫೈಲಿನಲ್ಲಿ ಆ ಕರು ಇರುತ್ತೆ.

ಹೈವೇ_ಹಾಸನ

ಅಪ್‌ಡೇಟ್. ಇವತ್ತಿಗೆ ಆರನೇ ದಿನ. 1962ರವರು ಬಂದು ಗಾಯ ತೊಳೆದು ಹುಳ ತೆಗೆದರು, ಹನ್ನೊಂದು ಇದ್ದವು, ನಾನೇ ಎಣಿಸಿದೆ. ಬೇಧಿ ನಿಂತಿದೆ. ಬಾಯಿ ಬೆಚ್ಚಗಾಗಿದೆ ಡಾಕ್ಟ್ರೇ. ಎನ್‌ಸಿ ನಂಬರ್ ಸಿಕ್ಕಿತು, ಕೊಟ್ಟಿದ್ದು ಅದೇ ಹಿರಿಯ ಪೊಲೀಸರು. "ಕರು ಇದ್ಯಾ?" ಅಂತ ಅವರೇ ಮೊದಲು ಕೇಳಿದರು.

ಆದರೆ ಓನರ್ ಆಂಟಿ ಭಾನುವಾರದವರೆಗೆ ಗಡುವು ಕೊಟ್ಟಿದ್ದಾರೆ. ಮೂರು ಗೋಶಾಲೆಗೆ ಫೋನ್ ಮಾಡಿದೆ. ಎರಡು ಕಡೆ ಜಾಗ ಇಲ್ಲ. ಇನ್ನೊಂದು ಕಡೆ "ಗಂಡಾ ಹೆಣ್ಣಾ?" ಅಂತ ಕೇಳಿ ಫೋನ್ ಇಟ್ಟರು. ರಾತ್ರಿ ಡ್ಯೂಟಿಗೆ ಹೋದಾಗ ಪಕ್ಕದ ಮನೆ ಹುಡುಗ ಬಾಟಲಿ ಹಿಡಿಯುತ್ತಾನೆ. ನಾನು ಬಂದ ತಕ್ಷಣ ಎದ್ದು ಪ್ಯಾಂಟಿನ ಜೇಬು ಚೀಪುತ್ತೆ.

ಹೇಮಾವತಿ_ದಂಡೆ

ತಂದು ಬಿಡಿ.

ಮನೆಯವರನ್ನು ಕೇಳಿದ್ದೀನಿ. ಬೈದರು, ಆಮೇಲೆ ಸುಮ್ಮನಾದರು. ಒಂದು ಹಸು ಈಗ ಕರೀತಿದೆ, ಎರಡು ಲೀಟರ್ ಬಿಡಬಹುದು, ಮಿಕ್ಕಿದ್ದಕ್ಕೆ ಗಂಜಿ. ಮೂರು ತಿಂಗಳು ಮಾತ್ರ, ಅದರಾಚೆ ನನ್ನ ಕೈಲಾಗಲ್ಲ, ಈಗಲೇ ಹೇಳಿದ್ದೀನಿ. ನಿಮ್ಮ ಕೇಸಿಗೂ ಅಷ್ಟೇ ಅಲ್ವಾ ಟೈಮು?

ಹೈವೇ_ಹಾಸನ

ಅಕ್ಕ, ಶನಿವಾರ ಬರ್ತೀನಿ. ತಿಂಗಳ ಹಿಂಡಿ ಬೂಸದ ದುಡ್ಡು ನನ್ನದು, ಬೇಡ ಅನ್ನಬೇಡಿ. ಬಾಟಲಿ ನಿಪ್ಪಲ್ ತರಬೇಕಾ?

ಹೇಮಾವತಿ_ದಂಡೆ

ನಿಪ್ಪಲ್ ಬೇಡ, ಬಕೆಟ್ ಕಲಿಸ್ತೀನಿ. ಹತ್ತಿ ಹಗ್ಗ ನಮ್ಮಲ್ಲೇ ಇದೆ. ಆ ನೀಲಿ ಹಗ್ಗ ಮಾತ್ರ ಈ ಕಡೆ ತರಬೇಡಿ, ಲಾಯರ್ ಹುಡುಗಿಗೆ ಕೊಟ್ಟುಬಿಡಿ.